ಬೇನೆಯಿಲ್ಲದ ಗಂಟು: ಜನಪದ ನುಡಿ ಹಾಗೂ ಕೋಶವಿಭಜನೆಯ ಸೂಚಕಗಳು

ಜನಪದ ವೈದ್ಯವನ್ನು ಕುರಿತ ನಮ್ಮ ಅಧ್ಯಯನಗಳು ಬಹುಮಟ್ಟಿಗೆ ಗಿಡಮೂಲಿಕೆ, ಮಂತ್ರ, ಹರಕೆ ಮತ್ತು ಆಚರಣೆಗಳ ಸಂಗ್ರಹಕ್ಕೆ ಒತ್ತು ಕೊಟ್ಟಿವೆ. ರೋಗವನ್ನು ಹೆಸರಿಸುವ ಮಾತು, ಆ ಮಾತಿನೊಳಗೆ ಅಡಗಿರುವ ತೀರ್ಮಾನ, ಆ ತೀರ್ಮಾನದಿಂದ ರೋಗಿಯ ನಡೆಯಲ್ಲಾಗುವ ಪರಿಣಾಮ ಇವುಗಳ ಕಡೆಗೆ ಹರಿದ ಗಮನ ಕಡಿಮೆ. ವಿಜಯಪುರ ಜಿಲ್ಲೆಯ ಮಟ್ಟಿಗೆ ಹೇಳುವುದಾದರೆ, ಇಂಡಿ ತಾಲೂಕಿನ ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದು ಈ ನೆಲದ ಹೆಣ್ಣುಮಕ್ಕಳ ಹಾಡಿಗೆ ಗ್ರಂಥರೂಪ ಕೊಟ್ಟರು. ಹಾಡಿಗೆ ದೊರೆತ ಆ ಆಸ್ಥೆ, ಅದೇ ಹೆಣ್ಣುಮಕ್ಕಳು ಮೈಯ ನೋವು-ಬಾವುಗಳನ್ನು ಕುರಿತು ಆಡುವ ನಿತ್ಯದ ಮಾತಿಗೆ ದೊರೆತಿಲ್ಲ. ಪ್ರಸ್ತುತ ಲೇಖನವು ಅಂಥ ಒಂದು ಮಾತನ್ನು ಎತ್ತಿಕೊಳ್ಳುತ್ತದೆ. ಬಸವನ ಬಾಗೇವಾಡಿ ಸೀಮೆಯ ಗೊಳಸಂಗಿ ಮತ್ತು ಸುತ್ತಲಿನ ಊರುಗಳಲ್ಲಿ, ಹಾಗೆಯೇ ಇಂಡಿ, ಸಿಂದಗಿ, ಮುದ್ದೇಬಿಹಾಳ ಭಾಗಗಳಲ್ಲಿ ಕೇಳಿಬರುವ ಆ ಮಾತು ‘ಬ್ಯಾನಿ ಇಲ್ಲದ ಗಂಟು’. ಈ ಮಾತು ಏನನ್ನು ಸರಿಯಾಗಿ ಕಂಡಿದೆ, ಎಲ್ಲಿ ತಪ್ಪುತ್ತದೆ ಎಂಬುದನ್ನು ಮೃದು ಅಂಗಾಂಶದ ಗಡ್ಡೆಗಳ ಕುರಿತು ಇಂದಿನ ರೋಗಶಾಸ್ತ್ರ ಹೇಳುವ ಸಂಗತಿಗಳೊಡನೆ ಇಟ್ಟು ನೋಡುವುದು ಇಲ್ಲಿಯ ಉದ್ದೇಶ.

ಉಬ್ಬುಗಳ ಜನಪದ ವರ್ಗೀಕರಣ

ಈ ಭಾಗದ ಆಡುನುಡಿ ಮೈಮೇಲೆ ಏಳುವ ಉಬ್ಬುಗಳನ್ನೆಲ್ಲ ಒಂದೇ ಹೆಸರಿನಿಂದ ಕರೆಯುವುದಿಲ್ಲ. ಕೆಂಪಗಾಗಿ, ಬಿಸಿಯಾಗಿ, ಕೀವು ತುಂಬಿ ಒಡೆಯುವಂಥದು ‘ಕುರು’. ಪೆಟ್ಟಿನಿಂದಲೋ ನಂಜಿನಿಂದಲೋ ಊದಿಕೊಂಡು ಕೆಲವು ದಿನಗಳಲ್ಲಿ ಇಳಿಯುವಂಥದು ‘ಬಾವು’. ತೊಗಲಿನ ಮೇಲೆ ಕಾಳಿನಂತೆ ನಿಲ್ಲುವಂಥದು ‘ನರಹುಲಿ’. ತೊಗಲಿನ ಕೆಳಗೆ ಕೈಗೆ ಹತ್ತುವಂಥದು ‘ಗಂಟು’. ಅದೇ ದೊಡ್ಡದಾದರೆ ‘ಗಡ್ಡೆ’. ಈ ವಿಂಗಡಣೆಯ ಹಿಂದೆ ಒಂದು ಸ್ಪಷ್ಟವಾದ ಅಳತೆಗೋಲು ಇದೆ, ಅದು ‘ಹಣ್ಣಾಗುವುದು’. ಕುರು ಹಣ್ಣಾಗುತ್ತದೆ, ಒಡೆಯುತ್ತದೆ, ಮಾಯುತ್ತದೆ. ಗಂಟು ಹಣ್ಣಾಗುವುದಿಲ್ಲ. ಕಾಯಿ ಹಣ್ಣಾಗಿ ಉದುರುವುದನ್ನು ದಿನವೂ ನೋಡುವ ಕೃಷಿಕ ಸಮುದಾಯವು ದೇಹದ ವಿಕಾರಗಳನ್ನೂ ಆ ಕ್ರಮದಲ್ಲಿಯೇ ಗ್ರಹಿಸಿರುವುದು ಸಹಜವಾಗಿದೆ.

ಇದೇ ಅಳತೆಗೋಲನ್ನು ಪ್ರಾಚೀನ ವೈದ್ಯಗ್ರಂಥದಲ್ಲಿಯೂ ಕಾಣಬಹುದು. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ‘ಅರ್ಬುದ’ವನ್ನು ವಿವರಿಸುವಾಗ ಅದು ದುಂಡಗಿನ, ಅಲುಗದ, ನೋವು ಕಡಿಮೆ ಇರುವ, ದೊಡ್ಡದಾದ, ಆಳದಲ್ಲಿ ಬೇರುಬಿಟ್ಟ, ನಿಧಾನವಾಗಿ ಬೆಳೆಯುವ, ಪಕ್ವವಾಗದ ಉಬ್ಬು ಎಂದು ಹೇಳಲಾಗಿದೆ. ಪಕ್ವವಾಗದಿರುವುದು ಎಂದರೆ ಜನಪದರ ಮಾತಿನಲ್ಲಿ ಹಣ್ಣಾಗದಿರುವುದು. ಆದರೆ ಇವೆರಡರ ನಡುವೆ ಗಮನಿಸಬೇಕಾದ ಒಂದು ವ್ಯತ್ಯಾಸವಿದೆ. ಸುಶ್ರುತನಿಗೆ ಕಡಿಮೆ ನೋವು ಎಂಬುದು ಒಂದು ಗಂಭೀರ ರೋಗದ ಲಕ್ಷಣ. ನಮ್ಮ ಹಳ್ಳಿಗಳ ವ್ಯವಹಾರದಲ್ಲಿ ಅದು ರೋಗವಿಲ್ಲ ಎಂಬುದರ ಲಕ್ಷಣವಾಗಿಬಿಟ್ಟಿದೆ.

ಒಂದು ಪದ, ಎರಡು ಅರ್ಥ

ಈ ಪಲ್ಲಟಕ್ಕೆ ಕಾರಣವನ್ನು ಭಾಷೆಯಲ್ಲಿಯೇ ಹುಡುಕಬಹುದಾಗಿದೆ. ಕನ್ನಡದ ‘ಬೇನೆ’ ಪದಕ್ಕೆ ನೋವು ಎಂಬ ಅರ್ಥವೂ ಉಂಟು, ರೋಗ ಎಂಬ ಅರ್ಥವೂ ಉಂಟು. ವಿಜಯಪುರ ಭಾಗದ ಉಚ್ಚಾರಣೆಯಲ್ಲಿ ಅದು ‘ಬ್ಯಾನಿ’. ಹೊಟ್ಟೆಬ್ಯಾನಿ ಎಂದರೆ ಹೊಟ್ಟೆನೋವು. ಹೆರಿಗೆಯ ನೋವೂ ಬ್ಯಾನಿಯೇ. ಬ್ಯಾನಿಬಿದ್ದವನು ಎಂದರೆ ರೋಗಿ. ನೋವು ಮತ್ತು ರೋಗ ಒಂದೇ ಪದದಲ್ಲಿ ಸೇರಿಕೊಂಡಾಗ ‘ಬ್ಯಾನಿ ಏನಿಲ್ಲ’ ಎಂಬ ಮಾತು ಒಂದೇ ಉಸಿರಿನಲ್ಲಿ ‘ನೋವಿಲ್ಲ’ ಎಂದೂ ‘ರೋಗವಿಲ್ಲ’ ಎಂದೂ ಹೇಳುತ್ತದೆ. ತೊಡೆಯಲ್ಲಿ ಒಂದು ಗಂಟು ಕಂಡ ರೈತ ಅದನ್ನು ಒತ್ತಿ ನೋಡುತ್ತಾನೆ, ನೋಯುವುದಿಲ್ಲ. ಮನೆಯವರು ಬ್ಯಾನಿ ಐತೇನು ಎಂದು ಕೇಳಿದರೆ ಇಲ್ಲ ಎನ್ನುತ್ತಾನೆ. ಅಲ್ಲಿಗೆ ಪರೀಕ್ಷೆಯೂ ಮುಗಿಯಿತು, ತೀರ್ಮಾನವೂ ಆಯಿತು.

‘ಗಂಟು’ ಎಂಬ ಪದವೂ ಈ ತೀರ್ಮಾನಕ್ಕೆ ಒತ್ತಾಸೆಯಾಗಿ ನಿಲ್ಲುತ್ತದೆ. ಬಟ್ಟೆಯ ಗಂಟು, ಹಣದ ಗಂಟು, ಕಬ್ಬಿನ ಗಂಟು ಇವೆಲ್ಲ ಕಟ್ಟಿಟ್ಟಲ್ಲಿ ಇರುವಂಥವು. ಹೀಗಾಗಿ ಮೈಯ ಗಂಟೂ ಇದ್ದಲ್ಲಿಯೇ ಇರುವ ಜಡವಸ್ತುವಿನಂತೆ ಭಾಸವಾಗುತ್ತದೆ. ಅದಕ್ಕೆ ‘ಕೊಬ್ಬಿನ ಗಂಟು’ ಎಂಬ ಹೆಸರು ಅಂಟಿದರಂತೂ ಆತಂಕಕ್ಕೆ ಆಸ್ಪದವೇ ಉಳಿಯುವುದಿಲ್ಲ.

ಈ ನಂಬಿಕೆಗೆ ಅನುಭವದ ಬೆಂಬಲ ಇಲ್ಲವೆನ್ನುವಂತಿಲ್ಲ. ಕೊಬ್ಬು, ಸ್ನಾಯು, ನರ, ರಕ್ತನಾಳ, ನಾರಿನ ಅಂಗಾಂಶ ಇವುಗಳಲ್ಲಿ ಹುಟ್ಟುವ ಗಡ್ಡೆಗಳನ್ನು ವೈದ್ಯಶಾಸ್ತ್ರವು ಮೃದು ಅಂಗಾಂಶದ ಗಡ್ಡೆಗಳು ಎಂದು ಕರೆಯುತ್ತದೆ. ಇವುಗಳಲ್ಲಿ ನಿರಪಾಯವಾದವುಗಳ ಸಂಖ್ಯೆ ಅಪಾಯಕಾರಿಯಾದವುಗಳಿಗಿಂತ ಸುಮಾರು ನೂರು ಪಟ್ಟು ಹೆಚ್ಚು. ಅಪಾಯಕಾರಿಯಾದವುಗಳಿಗೆ ಸಾರ್ಕೋಮಾ ಎಂದು ಹೆಸರು; ವಯಸ್ಕರ ಎಲ್ಲ ಕ್ಯಾನ್ಸರುಗಳಲ್ಲಿ ಅವುಗಳ ಪಾಲು ಹೆಚ್ಚುಕಡಿಮೆ ನೂರಕ್ಕೆ ಒಂದು. ಆದ್ದರಿಂದ ಗಂಟನ್ನು ಅಲಕ್ಷಿಸಿದ ಹೆಚ್ಚಿನವರಿಗೆ ಯಾವ ಕೇಡೂ ಆಗುವುದಿಲ್ಲ, ಊರಿನ ನೆನಪಿನಲ್ಲಿ ಉಳಿಯುವುದೂ ಅವರ ಉದಾಹರಣೆಯೇ. ಕೇಡು ಕಾದಿರುವುದು ಆ ಉಳಿದ ಒಬ್ಬನಿಗೆ. ಸಾರ್ಕೋಮಾಗಳಲ್ಲಿ ಬಹುಪಾಲು ಆರಂಭದಲ್ಲಿ ನೋವು ಕೊಡುವುದಿಲ್ಲವಾದ್ದರಿಂದ ಅವನಿಗೂ ನೂರು ಜನರಿಗೆ ಹೇಳಿದ ಮಾತನ್ನೇ ಹೇಳಲಾಗುತ್ತದೆ.

ಬೆಳವಣಿಗೆ ಎಂಬ ಪ್ರಶ್ನೆ

ನೋವಿನ ಪ್ರಶ್ನೆಯ ಬದಿಯಲ್ಲಿ ಜನಪದರು ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಾರೆ. ಅದು ‘ಬೆಳಿಲಾಕತ್ತದೇನು?’ ಎಂಬುದು. ಅಳೆಯಲು ಅವರ ಬಳಿ ಕಾಳು-ಹಣ್ಣುಗಳ ಮಾನವಿದೆ: ಜೋಳದ ಕಾಳಿನಷ್ಟು, ಕಡಲೆಯಷ್ಟು, ಬಾರಿಹಣ್ಣಿನಷ್ಟು, ಲಿಂಬೆಹಣ್ಣಿನಷ್ಟು, ತೆಂಗಿನಕಾಯಿಯಷ್ಟು. ಇದು ಸರಿಯಾದ ಪ್ರಶ್ನೆ. ರೋಗಶಾಸ್ತ್ರಜ್ಞನು ಸೂಕ್ಷ್ಮದರ್ಶಕದ ಕೆಳಗೆ ಕೇಳುವುದೂ ಇದನ್ನೇ. ಕೈ ಗಡ್ಡೆಯ ಗಾತ್ರವನ್ನು ಹೊರಗಿನಿಂದ ತಿಂಗಳುಗಳ ಲೆಕ್ಕದಲ್ಲಿ ಅಳೆಯುತ್ತದೆ. ಪ್ರಯೋಗಾಲಯವು ಗಡ್ಡೆಯೊಳಗಿನ ಜೀವಕೋಶಗಳಲ್ಲಿ ಎಷ್ಟು ವಿಭಜನೆಗೆ ತೊಡಗಿವೆ ಎಂದು ಎಣಿಸುತ್ತದೆ.

ಕೈಯ ಅಳತೆಗೆ ಇರುವ ಮಿತಿಯನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಒಂದು ಕೋಶ ಎರಡಾಗಿ, ಎರಡು ನಾಲ್ಕಾಗಿ ಇಮ್ಮಡಿಸುತ್ತ ಹೋದರೆ ಸುಮಾರು 30 ಇಮ್ಮಡಿಗಳ ನಂತರ ನೂರು ಕೋಟಿ ಕೋಶಗಳಾಗುತ್ತವೆ. ಅದು ಒಂದು ಗ್ರಾಮಿನಷ್ಟು, ಕಡಲೆಕಾಳಿಗಿಂತ ತುಸು ದೊಡ್ಡದಾದ ಗಂಟು. ಅಲ್ಲಿಂದ ಇನ್ನು 10 ಇಮ್ಮಡಿಗಳಾದರೆ ಒಂದು ಕಿಲೋಗ್ರಾಮ್. ವಾಸ್ತವದಲ್ಲಿ ಕೋಶಗಳು ಸಾಯುವುದೂ ಉಂಟಾದ್ದರಿಂದ ಲೆಕ್ಕ ಇಷ್ಟು ಸರಳವಲ್ಲ. ಆದರೂ ಗಂಟು ಬೆರಳಿಗೆ ಹತ್ತುವ ಹೊತ್ತಿಗೆ ಅದರ ಬೆಳವಣಿಗೆಯ ಮುಕ್ಕಾಲು ದಾರಿ ಸವೆದಿರುತ್ತದೆ ಎಂಬ ತಾತ್ಪರ್ಯ ಉಳಿಯುತ್ತದೆ.

ಕೋಶಚಕ್ರ ಮತ್ತು ಹಗೇವು

ಜೀವಕೋಶವು ವಿಭಜನೆಯಾಗುವುದಕ್ಕೆ ಒಂದು ನಿಶ್ಚಿತ ಕ್ರಮವಿದೆ. 1953ರಲ್ಲಿ ಆಲ್ಮಾ ಹಾವರ್ಡ್ ಮತ್ತು ಸ್ಟೀಫನ್ ಪೆಲ್ಕ್ ಎಂಬ ವಿಜ್ಞಾನಿಗಳು ಅವರೆಯ ಬಗೆಯ ಒಂದು ಕಾಳಿನ ಸಸಿಯ ಬೇರನ್ನು ಬಳಸಿ ಈ ಕ್ರಮದ ಹಂತಗಳನ್ನು ಗುರುತಿಸಿದರು. ಮೊದಲನೆಯದು ಜಿ1, ಕೋಶವು ಬೆಳೆದು ಅಣಿಯಾಗುವ ಹಂತ. ಎರಡನೆಯದು ಎಸ್, ವಂಶವಾಹಿ ದ್ರವ್ಯವಾದ ಡಿ.ಎನ್.ಎ. ಇಮ್ಮಡಿಯಾಗುವ ಹಂತ. ಮೂರನೆಯದು ಜಿ2, ಇಮ್ಮಡಿಯಾದದ್ದನ್ನು ಸರಿನೋಡಿಕೊಳ್ಳುವ ಹಂತ. ನಾಲ್ಕನೆಯದು ಎಂ, ಕೋಶವು ಕಣ್ಣಿಗೆ ಕಾಣುವಂತೆ ಎರಡಾಗುವ ಹಂತ. ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಕೋಶಗಳು ಈ ಸುತ್ತನ್ನು ಮುಗಿಸಲು ಸುಮಾರು 24 ತಾಸು ತೆಗೆದುಕೊಳ್ಳುತ್ತವೆ. ಅದರಲ್ಲಿ ಕೊನೆಯ ಹಂತಕ್ಕೆ ಹಿಡಿಯುವುದು ಸುಮಾರು ಒಂದು ತಾಸು ಮಾತ್ರ. ಈ ಚಕ್ರವನ್ನು ನಡೆಸುವ ಪ್ರೋಟೀನುಗಳನ್ನು ಕಂಡುಹಿಡಿದುದಕ್ಕಾಗಿ ಲೀಲಂಡ್ ಹಾರ್ಟ್‌ವೆಲ್, ಟಿಮ್ ಹಂಟ್ ಮತ್ತು ಪಾಲ್ ನರ್ಸ್ ಅವರಿಗೆ 2001ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ದೇಹದ ಬಹುಪಾಲು ಕೋಶಗಳು ಈ ಸುತ್ತಿನ ಹೊರಗೆ ವಿಶ್ರಾಂತಿಯಲ್ಲಿರುತ್ತವೆ. ಈ ಸ್ಥಿತಿಗೆ ಜಿ0 ಎಂದು ಹೆಸರು. ಉತ್ತರ ಕರ್ನಾಟಕದ ಓದುಗರಿಗೆ ಇದನ್ನು ಹಗೇವಿನ ಉದಾಹರಣೆಯಿಂದ ಹೇಳಬಹುದು. ನೆಲದೊಳಗಿನ ಹಗೇವಿನಲ್ಲಿ ತುಂಬಿಟ್ಟ ಜೋಳ ಸತ್ತಿಲ್ಲ, ಮೊಳೆತೂ ಇಲ್ಲ. ಹೊರಗೆ ತೆಗೆದು ಹದವಾದ ಹೊಲದಲ್ಲಿ ಬಿತ್ತಿದಾಗಲಷ್ಟೇ ಅದು ಎಚ್ಚರಗೊಳ್ಳುತ್ತದೆ. ಕೋಶದಲ್ಲಿ ಹಗೇವಿನ ಬಾಯಿಯನ್ನು ಮುಚ್ಚಿಡುವ ಕಲ್ಲಿನಂತೆ ವರ್ತಿಸುವುದು ಆರ್.ಬಿ. ಎಂಬ ಪ್ರೋಟೀನು. ಸೈಕ್ಲಿನ್ ಡಿ ಮತ್ತು ಸಿ.ಡಿ.ಕೆ.4 ಎಂಬ ಜೋಡಿ ಆ ಕಲ್ಲನ್ನು ಸರಿಸುತ್ತದೆ. ಪಿ16 ಈ ಜೋಡಿಯನ್ನು ತಡೆಯುತ್ತದೆ. ಡಿ.ಎನ್.ಎ.ಗೆ ಹಾನಿಯಾಗಿದ್ದರೆ ಪಿ53 ಎಂಬ ಕಾವಲುಗಾರ ಕೋಶವನ್ನು ನಿಲ್ಲಿಸುತ್ತದೆ ಅಥವಾ ಸಾಯಿಸುತ್ತದೆ. ಪಿ53 ಅತಿಯಾಗದಂತೆ ಎಂ.ಡಿ.ಎಂ.2 ಅದನ್ನು ಅಳಿಸುತ್ತಿರುತ್ತದೆ. ಈ ಕಟ್ಟುಪಾಡು ಮುರಿದಾಗ ಕೋಶವು ಕರೆಯಿಲ್ಲದೆ ಮೊಳೆಯತೊಡಗುತ್ತದೆ.

ಎಣಿಕೆಯ ವಿಧಾನಗಳು

ವಿಭಜನೆಯನ್ನು ಅಳೆಯುವ ಹಳೆಯ ಹಾಗೂ ಇಂದಿಗೂ ಮುಖ್ಯವಾದ ವಿಧಾನವೆಂದರೆ ಎಂ ಹಂತದಲ್ಲಿರುವ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೇರವಾಗಿ ಎಣಿಸುವುದು. ಫ್ರಾನ್ಸಿನ ಕ್ಯಾನ್ಸರ್ ಕೇಂದ್ರಗಳ ಒಕ್ಕೂಟವು 1984ರಲ್ಲಿ ರೂಪಿಸಿದ ಶ್ರೇಣೀಕರಣ ಪದ್ಧತಿ ಇದನ್ನು ಆಧರಿಸಿದೆ. ಅದರಂತೆ ಹೆಚ್ಚು ಶಕ್ತಿಯ ಮಸೂರದಲ್ಲಿ ಹತ್ತು ನೋಟಗಳನ್ನು ನೋಡಿದಾಗ 0ರಿಂದ 9 ವಿಭಜನೆಗಳು ಕಂಡರೆ 1 ಅಂಕ, 10ರಿಂದ 19 ಕಂಡರೆ 2, 20 ಅಥವಾ ಹೆಚ್ಚು ಕಂಡರೆ 3. ಕೋಶಗಳು ಮೂಲ ಅಂಗಾಂಶವನ್ನು ಎಷ್ಟರಮಟ್ಟಿಗೆ ಹೋಲುತ್ತವೆ ಎಂಬುದಕ್ಕೆ 1ರಿಂದ 3, ಗಡ್ಡೆಯಲ್ಲಿ ಸತ್ತ ಭಾಗ ಎಷ್ಟು ಎಂಬುದಕ್ಕೆ 0ರಿಂದ 2 ಅಂಕ. ಒಟ್ಟು 2 ಅಥವಾ 3 ಬಂದರೆ ಮೊದಲ ಶ್ರೇಣಿ, 4 ಅಥವಾ 5 ಬಂದರೆ ಎರಡನೆಯದು, 6ರಿಂದ 8 ಬಂದರೆ ಮೂರನೆಯದು. ಶ್ರೇಣಿ ಏರಿದಂತೆ ಗಡ್ಡೆಯು ಶ್ವಾಸಕೋಶವೇ ಮೊದಲಾದ ದೂರದ ಅಂಗಗಳಿಗೆ ಹರಡುವ ಸಂಭವ ಹೆಚ್ಚು.

ಇಪ್ಪತ್ತನಾಲ್ಕು ತಾಸಿನ ಸುತ್ತಿನಲ್ಲಿ ಒಂದು ತಾಸಿನ ಹಂತವನ್ನಷ್ಟೇ ಎಣಿಸಿದರೆ ಉಳಿದ ಹಂತಗಳಲ್ಲಿರುವ ಕೋಶಗಳು ಲೆಕ್ಕಕ್ಕೆ ಬರುವುದಿಲ್ಲ. ಆ ಕೊರತೆಯನ್ನು ತುಂಬಿದ್ದು ಕಿ-67 ಎಂಬ ಸೂಚಕ. ಜರ್ಮನಿಯ ಕೀಲ್ ನಗರದಲ್ಲಿ ಯೋಹಾನೆಸ್ ಗೆರ್ಡೆಸ್ ಮತ್ತು ಸಂಗಡಿಗರು ಇದನ್ನು 1983ರಲ್ಲಿ ವರದಿ ಮಾಡಿದರು. ಊರಿನ ಹೆಸರಿನಿಂದ ಕಿ, ಪ್ರಯೋಗದ ತಟ್ಟೆಯಲ್ಲಿ ಆ ಪ್ರತಿಕಾಯ ದೊರೆತ ಕುಳಿಯ ಸಂಖ್ಯೆಯಿಂದ 67. ಈ ಪ್ರೋಟೀನು ಚಕ್ರದೊಳಗಿನ ಹಂತಗಳಲ್ಲಿ ಕಾಣಿಸಿಕೊಳ್ಳುತ್ತದೆ, ವಿಶ್ರಾಂತಿಯ ಕೋಶದಲ್ಲಿ ಕಾಣಿಸುವುದಿಲ್ಲ. ಎಂದರೆ ಹಗೇವಿನ ಹೊರಗೆ ಬಂದ ಕಾಳುಗಳೆಷ್ಟು ಎಂದು ಅದು ತಿಳಿಸುತ್ತದೆ. ಪ್ರತಿಕಾಯ ಹಚ್ಚಿದಾಗ ಅಂಥ ಕೋಶಗಳ ಕೇಂದ್ರ ಕಂದುಬಣ್ಣಕ್ಕೆ ತಿರುಗುತ್ತದೆ. ನೂರಕ್ಕೆ ಎಷ್ಟು ಕೋಶ ಕಂದಾಗಿವೆ ಎಂಬುದೇ ಸೂಚ್ಯಂಕ. 1990ರ ದಶಕದ ಆರಂಭದಲ್ಲಿ ಮೇಣದ ಅಚ್ಚಿನಲ್ಲಿ ಹುದುಗಿಸಿಟ್ಟ ಅಂಗಾಂಶದ ಮೇಲೂ ಕೆಲಸ ಮಾಡುವ ಎಂ.ಐ.ಬಿ.-1 ಎಂಬ ಪ್ರತಿಕಾಯ ಬಂದ ಮೇಲೆ ಈ ಪರೀಕ್ಷೆ ವ್ಯಾಪಕವಾಯಿತು. ಡಿ.ಎನ್.ಎ. ಇಮ್ಮಡಿಯಾಗುವಾಗ ನೆರವಾಗುವ ಪಿ.ಸಿ.ಎನ್.ಎ. ಪ್ರೋಟೀನು, ಬೆಳ್ಳಿಯ ಲವಣದಿಂದ ಕೋಶಕೇಂದ್ರದಲ್ಲಿ ಕಪ್ಪು ಚುಕ್ಕೆಗಳನ್ನು ಎಬ್ಬಿಸಿ ಎಣಿಸುವ ಅಗ್ನಾರ್ ವಿಧಾನ ಇವೂ ಬಳಕೆಯಲ್ಲಿ ಬಂದಿವೆ. ಎರಡನೆಯದು ಕಡಿಮೆ ಖರ್ಚಿನದು.

ವೇಗವೇ ಕೊನೆಯ ಮಾತಲ್ಲ

ಹೀಗೆ ಎಣಿಸಿದ ಸಂಖ್ಯೆಯೊಂದೇ ತೀರ್ಪು ಕೊಡುತ್ತದೆ ಎಂದು ಭಾವಿಸಿದರೆ ಅದೂ ಜನಪದ ನಂಬಿಕೆಯಷ್ಟೇ ಅಪೂರ್ಣವಾದೀತು. ಮೂರು ನಿದರ್ಶನಗಳನ್ನು ನೋಡಬಹುದು.

ಮೊದಲನೆಯದು ನೋಡ್ಯುಲರ್ ಫ್ಯಾಸೈಟಿಸ್. 1955ರಲ್ಲಿ ಮೊದಲು ವರ್ಣಿತವಾದ ಈ ಗಂಟು ಹೆಚ್ಚಾಗಿ ಮುಂಗೈಯಲ್ಲಿ ಕೆಲವೇ ವಾರಗಳಲ್ಲಿ ಬೆಳೆಯುತ್ತದೆ. ಒಳಗೆ ವಿಭಜನೆಗಳೂ ಹೇರಳ. ಹಿಂದೆ ಇದನ್ನು ಸಾರ್ಕೋಮಾ ಎಂದು ತಪ್ಪಾಗಿ ತಿಳಿದದ್ದೂ ಉಂಟು. ಆದರೆ ಇದು ನಿರಪಾಯ, ಎಷ್ಟೋ ಸಲ ತಾನಾಗಿಯೇ ಕುಗ್ಗುತ್ತದೆ. 2011ರಲ್ಲಿ ಇದರೊಳಗೆ ಯು.ಎಸ್.ಪಿ.6 ಎಂಬ ವಂಶವಾಹಿಯ ಸ್ಥಾನಪಲ್ಲಟ ಪತ್ತೆಯಾದ ನಂತರ ಗುರುತಿಸುವುದು ಸುಲಭವಾಗಿದೆ. ಬೇಗ ಬೆಳೆದದ್ದೆಲ್ಲ ಕೆಟ್ಟದ್ದಲ್ಲ.

ಎರಡನೆಯದು ಕೊಬ್ಬಿನ ಗಂಟನ್ನು ಹೋಲುವ ಲೈಪೋಸಾರ್ಕೋಮಾ. ಆರಂಭದ ಬಗೆಯಲ್ಲಿ ಇದು ನೋಯುವುದಿಲ್ಲ, ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ, ಕಿ-67 ಸೂಚ್ಯಂಕವೂ ತೀರ ಕಡಿಮೆ. ಮುಟ್ಟಿದರೆ ಸಾಮಾನ್ಯ ಕೊಬ್ಬಿನ ಗಂಟಿನಂತೆಯೇ ಇರುತ್ತದೆ. ಇಲ್ಲಿ ನೆರವಿಗೆ ಬರುವುದು ಹನ್ನೆರಡನೆಯ ವರ್ಣತಂತುವಿನಲ್ಲಿರುವ ಎಂ.ಡಿ.ಎಂ.2 ಮತ್ತು ಸಿ.ಡಿ.ಕೆ.4 ವಂಶವಾಹಿಗಳು. ಅವುಗಳ ಪ್ರತಿಗಳು ಈ ಗಡ್ಡೆಯಲ್ಲಿ ಹಲವು ಪಟ್ಟು ಹೆಚ್ಚಿರುತ್ತವೆ, ಸಾಮಾನ್ಯ ಕೊಬ್ಬಿನ ಗಂಟಿನಲ್ಲಿ ಹಾಗಿರುವುದಿಲ್ಲ. ಒಂದು ಕಾವಲನ್ನು ಅಳಿಸುತ್ತದೆ, ಇನ್ನೊಂದು ಕಲ್ಲನ್ನು ಸರಿಸುತ್ತದೆ. ಇಂಥ ಗಡ್ಡೆಯನ್ನು ಹಾಗೆಯೇ ಬಿಟ್ಟರೆ ಕೆಲವರಲ್ಲಿ ಅದು ಮುಂದೆ ಉಗ್ರ ರೂಪಕ್ಕೆ ತಿರುಗುತ್ತದೆ.

ಮೂರನೆಯದು ಸೈನೋವಿಯಲ್ ಸಾರ್ಕೋಮಾ. ಹರೆಯದವರ ಕೈಕಾಲುಗಳಲ್ಲಿ, ಹಲವು ಸಲ ಕೀಲುಗಳ ಬಳಿ ಹುಟ್ಟುವ ಇದು ವರ್ಷಗಳವರೆಗೆ ಸಣ್ಣದಾಗಿಯೇ ಇದ್ದು ಮೋಸಗೊಳಿಸಬಲ್ಲದು. ನಿಧಾನವಾದದ್ದೆಲ್ಲ ಒಳ್ಳೆಯದಲ್ಲ. ಇದೇ ಕಾರಣಕ್ಕೆ ಕಿ-67ಕ್ಕೆ ಎಲ್ಲ ಬಗೆಯ ಸಾರ್ಕೋಮಾಗಳಿಗೂ ಅನ್ವಯಿಸುವ ಒಂದೇ ಗಡಿಸಂಖ್ಯೆ ಸರ್ವಸಮ್ಮತವಾಗಿಲ್ಲ. ಗಡ್ಡೆಯ ಜಾತಿ ಯಾವುದು ಎಂದು ಮೊದಲು ತಿಳಿದು, ಆ ಜಾತಿಯ ಸಂದರ್ಭದಲ್ಲಿ ಸಂಖ್ಯೆಯನ್ನು ಓದಬೇಕಾಗುತ್ತದೆ. ಅದಕ್ಕೆ ಬೇಕಾದದ್ದು ಅಂಗಾಂಶದ ತುಣುಕು.

ಕತ್ತಿಯ ಭಯ ಮತ್ತು ಎಸೆದ ಗಂಟು

ಆ ತುಣುಕು ಪ್ರಯೋಗಾಲಯ ತಲುಪುವ ದಾರಿಯಲ್ಲಿ ಎರಡು ಅಡ್ಡಿಗಳಿವೆ. ಒಂದು, ‘ಕತ್ತಿ ತಾಗಿದರೆ ಹಬ್ಬುತ್ತದೆ’ ಎಂಬ ವ್ಯಾಪಕ ಭಯ. ಈ ಭಯವಿರುವಲ್ಲಿ ಗಂಟಿಗೆ ಶಾಖ, ಲೇಪ, ಬರೆ ಮೊದಲಾದ ಉಪಚಾರಗಳು ನಡೆಯುತ್ತವೆ. ಹಣ್ಣಾಗುವ ಕುರುವಿಗೆ ಶಾಖವು ಹಿತವಾದೀತು. ಹಣ್ಣಾಗದ ಗಡ್ಡೆಗೆ ಅದರಿಂದ ಪ್ರಯೋಜನವಿಲ್ಲ. ಬರೆಯಿಂದ ಹುಣ್ಣಾಗಿ ಮುಂದಿನ ಚಿಕಿತ್ಸೆ ಕಠಿಣವಾಗುತ್ತದೆ. ಭಯವನ್ನು ಮೌಢ್ಯವೆಂದು ತಳ್ಳಿಹಾಕುವುದೂ ಸರಿಯಲ್ಲ, ಏಕೆಂದರೆ ಅದರ ಹಿಂದೆ ನಿಜವಾದ ಒಂದು ಅವಲೋಕನವಿದೆ. ಅರೆಬರೆಯಾಗಿ ಕೊಯ್ದ ಸಾರ್ಕೋಮಾ ಅದೇ ಜಾಗದಲ್ಲಿ ಮತ್ತೆ ಏಳುತ್ತದೆ. ಸುಶ್ರುತ ಸಂಹಿತೆಯು ಒಮ್ಮೆ ಇದ್ದ ಕಡೆಯೇ ಮತ್ತೆ ಹುಟ್ಟುವ ಗಡ್ಡೆಗೆ ‘ಅಧ್ಯರ್ಬುದ’ ಎಂಬ ಹೆಸರನ್ನೇ ಕೊಟ್ಟಿದೆ. ಹಳ್ಳಿಯವರು ‘ಬೇರು ಉಳಿದಿತ್ತು’ ಎನ್ನುತ್ತಾರೆ. ತಪ್ಪು ಇರುವುದು ಕತ್ತಿಯನ್ನು ಮುಟ್ಟಿಸಿದ್ದರಲ್ಲಿ ಅಲ್ಲ, ಗಡ್ಡೆಯ ಜಾತಿಯನ್ನು ಅರಿಯದೆ ಮುಟ್ಟಿಸಿದ್ದರಲ್ಲಿ. ಮುಂದಿನ ಶಸ್ತ್ರಚಿಕಿತ್ಸೆಯ ದಾರಿಯನ್ನು ಲೆಕ್ಕಹಾಕಿ ಸೂಜಿಯಿಂದ ತುಣುಕು ತೆಗೆದು ಪರೀಕ್ಷಿಸುವುದು ಸುರಕ್ಷಿತವೆಂದು ಒಪ್ಪಿತವಾಗಿದೆ.

ಎರಡನೆಯ ಅಡ್ಡಿ ಇನ್ನೂ ಸಣ್ಣದಾಗಿ ಕಾಣುತ್ತದೆ. ಕೊಯ್ದ ಗಂಟನ್ನು ಪರೀಕ್ಷೆಗೆ ಕಳಿಸದೆ ಎಸೆದುಬಿಡುವುದು ಅಥವಾ ಗಂಟೆಗಟ್ಟಲೆ ಹಾಗೆಯೇ ಇಟ್ಟು ಕೆಡಿಸುವುದು. ತುಣುಕನ್ನು ಕೂಡಲೇ ಅದರ ಗಾತ್ರದ ಸುಮಾರು ಹತ್ತು ಪಟ್ಟು ಫಾರ್ಮಲಿನ್ ದ್ರಾವಣದಲ್ಲಿ ಮುಳುಗಿಸದಿದ್ದರೆ ಕೋಶಗಳ ರೂಪ ಕೆಟ್ಟು, ವಿಭಜನೆಗಳ ಎಣಿಕೆಯೂ ನಂಬಲರ್ಹವಾಗುವುದಿಲ್ಲ. ಸರಿಯಾಗಿ ಮೇಣದಲ್ಲಿ ಹುದುಗಿಸಿದ ಅಚ್ಚಾದರೋ ಹಲವು ವರ್ಷ ಉಳಿಯುತ್ತದೆ, ಒಂದೂರಿನಿಂದ ಇನ್ನೊಂದೂರಿಗೆ ಹೋಗಬಲ್ಲದು, ಓಲೆಗರಿಯಂತೆ ಮತ್ತೆ ಮತ್ತೆ ಓದಿಗೆ ಸಿಗುತ್ತದೆ. ಈ ಹೋಲಿಕೆಗೆ ಸ್ಥಳೀಯ ಔಚಿತ್ಯವೂ ಇದೆ. ವಚನಗಳ ಓಲೆಗರಿಗಳನ್ನು ಹುಡುಕಿ ತಂದು ಉಳಿಸಿದ ಫ.ಗು. ಹಳಕಟ್ಟಿಯವರು 1910ರಲ್ಲಿ ಸ್ಥಾಪಿಸಿದ ಬಿ.ಎಲ್.ಡಿ.ಇ. ಸಂಸ್ಥೆಯೇ 1986ರಲ್ಲಿ ವಿಜಯಪುರದಲ್ಲಿ ವೈದ್ಯಕೀಯ ಕಾಲೇಜನ್ನು ತೆರೆಯಿತು. ಗೊಳಸಂಗಿಯಿಂದ ವಿಜಯಪುರವು ಒಂದೇ ದಿನದಲ್ಲಿ ಹೋಗಿಬರುವ ದೂರ. ಅಲ್ಲಿಂದಾಚೆಗೆ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆ, 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಇವೆ. ಆದ್ದರಿಂದ ತಡವಾಗುವುದಕ್ಕೆ ದಾರಿಯ ದೂರವೊಂದನ್ನೇ ಕಾರಣವೆನ್ನಲಾಗದು. ‘ಬ್ಯಾನಿ ಇಲ್ಲ’ ಎಂಬ ಮಾತಿಗೂ ಅದರಲ್ಲಿ ಪಾಲಿದೆ.

ಸಮಾರೋಪ

ಒಟ್ಟಿನಲ್ಲಿ, ಈ ಭಾಗದ ಜನಪದ ನುಡಿಯು ಗಂಟನ್ನು ಕುರಿತು ಎರಡು ಪ್ರಶ್ನೆಗಳನ್ನು ಕೇಳುತ್ತದೆ: ನೋಯುತ್ತದೆಯೇ, ಬೆಳೆಯುತ್ತದೆಯೇ. ಮೊದಲನೆಯದಕ್ಕೆ ಅದು ಅತಿಯಾದ ಬೆಲೆ ಕೊಟ್ಟಿದೆ, ಎರಡನೆಯದಕ್ಕೆ ಸಲ್ಲಬೇಕಾದ ಬೆಲೆ ಕೊಟ್ಟಿಲ್ಲ. ಕೋಶವಿಭಜನೆಯ ಸೂಚಕಗಳ ಅಧ್ಯಯನ ಎರಡನೆಯ ಪ್ರಶ್ನೆಯನ್ನು ಎತ್ತಿಹಿಡಿಯುತ್ತದೆ, ಜೊತೆಗೆ ಅದಕ್ಕೆ ಉತ್ತರವನ್ನು ಕೈಯಿಂದಲ್ಲ, ತುಣುಕಿನಿಂದಲೇ ಪಡೆಯಬೇಕೆಂದು ತಿಳಿಸುತ್ತದೆ.

ಆರೋಗ್ಯ ಕಾರ್ಯಕರ್ತರು ಹಳ್ಳಿಗೆ ಒಯ್ಯುವ ಸಂದೇಶದಲ್ಲಿ ‘ಅರ್ಬುದ’ ಎಂಬ ಗ್ರಾಂಥಿಕ ಪದಕ್ಕಾಗಲಿ, ಕನ್ನಡ ವೈದ್ಯ ಬರಹಗಾರರು ರೂಢಿಸಿದ ‘ಏಡಿಗಂತಿ’ ಪದಕ್ಕಾಗಲಿ ಜನರ ಕಿವಿ ಬೇಗ ತೆರೆಯಲಾರದು. ‘ಹಣ್ಣಾಗಲಾರದ ಗಂಟು’ ಎಂಬುದು ಅವರದೇ ಮಾತು, ಅದನ್ನೇ ಬಳಸಬಹುದು. ಐದು ಸೆಂಟಿಮೀಟರ್ ದಾಟಿದ ಗಡ್ಡೆಯನ್ನು ತಜ್ಞರಿಗೆ ತೋರಿಸಬೇಕೆಂದು ವೈದ್ಯರು ಹೇಳುವುದನ್ನು ದೊಡ್ಡ ಲಿಂಬೆಹಣ್ಣಿನ ಗಾತ್ರ ಎಂದರೆ ಇಂಡಿಯ ಲಿಂಬೆ ಕಂಡವರಿಗೆಲ್ಲ ತಿಳಿಯುತ್ತದೆ. ಹಣ್ಣಾಗಲಾರದ ಗಂಟು ಲಿಂಬೆಹಣ್ಣಿನಷ್ಟಾದರೆ, ಬೆಳೆಯುತ್ತಿದ್ದರೆ, ಆಳದಲ್ಲಿ ಅಲುಗದೆ ಕೂತಿದ್ದರೆ, ಕೊಯ್ದ ಮೇಲೆ ಮತ್ತೆ ಎದ್ದರೆ, ಈ ನಾಲ್ಕರಲ್ಲಿ ಒಂದಿದ್ದರೂ ಅದನ್ನು ತೋರಿಸಬೇಕು. ಬ್ಯಾನಿ ಇದ್ದರೂ ತೋರಿಸಬೇಕು, ಇಲ್ಲದಿದ್ದರೂ ತೋರಿಸಬೇಕು. ನಿಘಂಟಿನಲ್ಲಿ ‘ಬೇನೆ’ಯ ಎರಡು ಅರ್ಥಗಳು ಒಟ್ಟಿಗೆ ಇರಲಿ. ಮೈಯ ವಿಷಯದಲ್ಲಿ ಮಾತ್ರ ಅವನ್ನು ಬೇರ್ಪಡಿಸಿ ಆಡುವುದನ್ನು ನಮ್ಮ ಜನಪದ ವೈದ್ಯದ ಅಧ್ಯಯನಗಳೂ ಆರೋಗ್ಯ ಶಿಕ್ಷಣವೂ ಕೂಡಿ ರೂಢಿಗೆ ತರಬೇಕಾಗಿದೆ.